ಗಾರೆಯಿಲ್ಲದ ನಗರ: ಆಟದ ಇಟ್ಟಿಗೆಗಳಿಂದ ಮರುಭೂಮಿಯ ಪಟ್ಟಣವೊಂದನ್ನು ಕಟ್ಟುವ ಬಗೆ

‘ಇಟ್ಟಿಗೆ’ ಎಂಬುದು ಸಂಸ್ಕೃತದ ‘ಇಷ್ಟಕಾ’ ಶಬ್ದದ ತದ್ಭವವೆಂಬುದು ಬಲ್ಲವರಿಗೆ ವಿದಿತವೇ ಆಗಿದೆ. ಆದರೆ ಇಟ್ಟಿಗೆಯನ್ನು ಕುರಿತು ನಮ್ಮ ದೇಶದಲ್ಲಿ ದೊರೆಯುವ ಅತಿ ಪ್ರಾಚೀನ ಶಾಸ್ತ್ರವಿಚಾರವು ಮನೆ ಕಟ್ಟುವುದಕ್ಕೆ ಸಂಬಂಧಿಸಿದುದಲ್ಲ. ಯಜ್ಞವೇದಿಯ ಚಯನಕ್ಕೆ ಸಂಬಂಧಿಸಿದುದು. ಬೌಧಾಯನಾದಿಗಳ ಶುಲ್ಬಸೂತ್ರಗಳಲ್ಲಿ ಗಿಡುಗನ ಆಕಾರದ ಶ್ಯೇನಚಿತಿಯನ್ನು ಒಂದರ ಮೇಲೊಂದರಂತೆ ಐದು ಪದರಗಳಲ್ಲಿ, ಪದರವೊಂದಕ್ಕೆ ಇನ್ನೂರರಂತೆ ಒಟ್ಟು ಸಾವಿರ ಇಟ್ಟಿಗೆಗಳಿಂದ ಕಟ್ಟುವ ವಿಧಾನವನ್ನು ಹೇಳಿದೆ. ಅಲ್ಲಿಯ ಒಂದು ಮುಖ್ಯ ನಿಯಮವೆಂದರೆ, ಕೆಳಗಿನ ಪದರದ ಸಂದಿನ ಮೇಲೆ ಮೇಲಿನ ಪದರದ ಸಂದು ಬೀಳಕೂಡದು. ಹಾಗೆ ಬಿದ್ದರೆ ಅದಕ್ಕೆ ‘ಭೇದ’ವೆಂದು ಹೆಸರು, ಅದು ದೋಷ. ಇಂದಿಗೂ ಹಾಸನ ಸೀಮೆಯ ಗಾರೆ ಕೆಲಸದವರು ಗೋಡೆಯೆಬ್ಬಿಸುವಾಗ ಪಾಲಿಸುವುದು ಇದೇ ನಿಯಮವನ್ನು. ಈಚಿನ ದಿನಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತ ಆರು ವರ್ಷದ ಮಗುವೂ, ತನ್ನ ಗೋಡೆ ಎರಡು ಬಾರಿ ಸೀಳಿ ಬಿದ್ದ ಮೇಲೆ, ಯಾರೂ ಹೇಳಿಕೊಡದೆಯೇ ಇದನ್ನೇ ಕಂಡುಕೊಳ್ಳುತ್ತದೆ.

ಈ ಆಟದ ಇಟ್ಟಿಗೆಗಳು ಪಟ್ಟಣದ ಅನುಕೂಲಸ್ಥರ ಮನೆಗಳಿಂದ ಹೊರಟು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ತಾಲ್ಲೂಕು ಕೇಂದ್ರಗಳ ಮಕ್ಕಳ ಕೈಗೂ ಬಂದಿವೆ. ಹಿರಿಯರಲ್ಲಿ ಹಲವರಿಗೆ ಇದು ದುಬಾರಿಯ ಕಾಲಹರಣವಾಗಿ ತೋರುತ್ತದೆ. ‘ಪಾಠ ಓದುವ ಹೊತ್ತಿನಲ್ಲಿ ಗೊಂಬೆಯಾಟವೇ?’ ಎಂಬ ಪ್ರಶ್ನೆಯೂ, ‘ಈ ಹಣದಲ್ಲಿ ಗ್ರಂಥಾಲಯಕ್ಕೆ ಎಷ್ಟು ಪುಸ್ತಕ ಬರುತ್ತಿತ್ತು?’ ಎಂಬ ಪ್ರಶ್ನೆಯೂ ನ್ಯಾಯವಾದವೇ. ಇವುಗಳಿಗೆ ಉತ್ತರ ಹೇಳಬೇಕಾದರೆ, ಈ ಇಟ್ಟಿಗೆಗಳಿಂದ ಒಂದು ದೊಡ್ಡ ಕೆಲಸವನ್ನು ಕ್ರಮವಾಗಿ ಮಾಡಿದಾಗ ಮಾಡಿದವರಿಗೆ ಏನು ತಿಳಿಯುತ್ತದೆ ಎಂಬುದನ್ನು ನೋಡಬೇಕು. ಅದಕ್ಕಾಗಿ ಇಲ್ಲಿ ಮರುಭೂಮಿಯ ನಗರವೊಂದನ್ನು, ಅದೂ ದೀಪ ಹಚ್ಚಿದ ಸಂಜೆಯ ನಗರವನ್ನು, ಉದಾಹರಣೆಯಾಗಿ ಆರಿಸಿಕೊಂಡಿದೆ. ಹೊಳೆಯನ್ನು ಹೆಸರಿನಲ್ಲಿಯೇ ಹೊತ್ತ ಊರಿನ ಮಕ್ಕಳಿಗೆ ಮರುಭೂಮಿಗಿಂತ ದೂರದ ವಸ್ತು ಬೇರೊಂದಿಲ್ಲವಷ್ಟೆ.

ಮೊದಲು ಈ ಇಟ್ಟಿಗೆಯ ಪೂರ್ವಕಥೆ. ಮರದ ತುಂಡುಗಳನ್ನು ಜೋಡಿಸುತ್ತ ಮಗು ಆಕಾರ, ಸಂಖ್ಯೆ, ಸಮತೋಲಗಳನ್ನು ಕಲಿಯಬಲ್ಲದೆಂದು ಕಂಡು, ಅದನ್ನೊಂದು ಶಿಕ್ಷಣಕ್ರಮವಾಗಿಯೇ ರೂಪಿಸಿದವನು ಜರ್ಮನಿಯ ಫ್ರೋಬೆಲ್. 1837ರಲ್ಲಿ ಆತನು ಆರಂಭಿಸಿದ ಶಾಲೆಯಿಂದಲೇ ಮುಂದೆ ಶಿಶುವಿಹಾರಗಳು ಹುಟ್ಟಿದವು. ಅಮೆರಿಕೆಯ ಪ್ರಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತನ್ನ ಕಲೆಗೆ ಬಾಲ್ಯದಲ್ಲಿ ಆಡಿದ ಫ್ರೋಬೆಲ್‌ನ ಮರದ ತುಂಡುಗಳೇ ಮೂಲವೆಂದು ಒಪ್ಪಿಕೊಂಡಿದ್ದಾನೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದನು. ಅವನು ತನ್ನ ಕಾರ್ಖಾನೆಗೆ ಇಟ್ಟ ‘ಲೆಗೊ’ ಎಂಬ ಹೆಸರು ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಪದಗಳ ಸಂಕ್ಷೇಪ. ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತನು ಅದಾಗಲೇ ಮಾಡಿದ್ದ ಪ್ಲಾಸ್ಟಿಕ್ ಇಟ್ಟಿಗೆಯನ್ನು ಮಾದರಿಯಾಗಿಟ್ಟುಕೊಂಡು 1949ರಲ್ಲಿ ಲೆಗೊ ಇಟ್ಟಿಗೆಗಳು ಹೊರಬಂದವು. ಆಗ ಅವು ಟೊಳ್ಳು. ಒಂದರ ಮೇಲೊಂದು ಕೂರುತ್ತಿದ್ದವು, ಆದರೆ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. 1958ರಲ್ಲಿ ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳನ್ನಿಡುವ ಉಪಾಯ ಹೊಳೆದ ಮೇಲೆ ಆ ಕೊರತೆ ನೀಗಿತು. ಅಂದು ಮಾಡಿದ ಇಟ್ಟಿಗೆಯೂ ಇಂದು ಮಾಡಿದ ಇಟ್ಟಿಗೆಯೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಅಜ್ಜನ ಪೆಟ್ಟಿಗೆಯ ತುಂಡು ಮೊಮ್ಮಗನ ಗೋಡೆಗೆ ಸೇರುವಂತಹ ಆಟಿಕೆ ಲೋಕದಲ್ಲಿ ಹೆಚ್ಚಿಲ್ಲ.

ಇಟ್ಟಿಗೆಯ ಮೇಲ್ಗಡೆ ಗುಬುಟುಗಳಿವೆ, ಕೆಳಗಡೆ ಟೊಳ್ಳಿನಲ್ಲಿ ಕೊಳವೆಗಳಿವೆ. ಕೆಳಗಿನ ಇಟ್ಟಿಗೆಯ ಗುಬುಟು ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ ಅತ್ಯಲ್ಪ ಬಾಗುವಿಕೆಯೇ ಹಿಡಿತ. ಅಂಟಿಲ್ಲ, ಮೊಳೆಯಿಲ್ಲ, ಗಾರೆಯಿಲ್ಲ. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್ ಅಂತರ. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಚಪ್ಪಟೆ ಇಟ್ಟಿಗೆಯ ಎತ್ತರ ಅದರ ಮೂರನೆಯ ಒಂದು ಭಾಗ, ಎಂದರೆ 3.2 ಮಿಲಿಮೀಟರ್. ಕವಿಗೆ ಮಾತ್ರಾಗಣಗಳಿದ್ದಂತೆ ಇವು ಕಟ್ಟುವವನಿಗೆ. ಎಂಟು ಗುಬುಟುಗಳ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಾಗಿ ಕೂಡಿಸಬಹುದು, ಮೂರನ್ನು 1,060 ಬಗೆಯಾಗಿ. ಆರು ಇಟ್ಟಿಗೆಗಳನ್ನಾದರೋ 91,51,03,765 ಬಗೆಯಾಗಿ ಕೂಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಪ್ರಸ್ತಾರವನ್ನು ಬಲ್ಲ ಛಂದಶ್ಶಾಸ್ತ್ರಜ್ಞರಿಗೆ ಈ ಬೆಳವಣಿಗೆ ಆಶ್ಚರ್ಯವನ್ನುಂಟುಮಾಡಲಾರದು.

ಗಾರೆಯಿಲ್ಲದೆ ಕಟ್ಟುವುದು ಹಾಸನ ಜಿಲ್ಲೆಯವರಿಗೆ ಹೊಸತೇನೂ ಅಲ್ಲ. ದೊಡ್ಡಗದ್ದವಳ್ಳಿ, ಮೊಸಳೆ, ಬೇಲೂರು, ಹಳೇಬೀಡು, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಇವೇ ಮೊದಲಾದೆಡೆ ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನ ತುಂಡುಗಳನ್ನು ಗೂಟಕ್ಕೆ ಕುಳಿ, ಕುಳಿಗೆ ಗೂಟವೆಂಬಂತೆ ಕೊರೆದು, ಒಣಜೋಡಣೆಯಿಂದಲೇ ನಿಲ್ಲಿಸಿದ್ದಾರೆ. ದೇವಾಲಯಗಳ ಒಳಛಾವಣಿಯ ಭುವನೇಶ್ವರಿಗಳನ್ನು ತಲೆಯೆತ್ತಿ ನೋಡಿದರೆ, ಕಲ್ಲಿನ ಒಂದೊಂದು ಪದರವೂ ಕೆಳಗಿನದಕ್ಕಿಂತ ಸ್ವಲ್ಪ ಸ್ವಲ್ಪವೇ ಮುಂಚಾಚುತ್ತ ನಡುವಿನ ಪದ್ಮವನ್ನು ಮುಟ್ಟುವುದು ಕಾಣುತ್ತದೆ. ಆಟದ ಇಟ್ಟಿಗೆಯಲ್ಲಿ ಕಮಾನನ್ನೋ ಮುಂಚಾಚಿದ ಮೊಗಸಾಲೆಯನ್ನೋ ಮಾಡುವುದೂ ಇದೇ ಉಪಾಯದಿಂದ. ಈ ಗಾರೆಯಿಲ್ಲದ ಸಂಪ್ರದಾಯಕ್ಕೆ ಉತ್ತರದಲ್ಲೊಂದು ಜೊತೆಯಿದೆ. ಹಳೇಬೀಡಿನಲ್ಲಿ ಒಂದನೆಯ ನರಸಿಂಹನು ಆಳುತ್ತಿದ್ದ ಕಾಲದಲ್ಲಿ, 1156ರಲ್ಲಿ, ಥಾರ್ ಮರುಭೂಮಿಯ ನಡುವಿನ ತ್ರಿಕೂಟವೆಂಬ ಗುಡ್ಡದ ಮೇಲೆ ರಾವಲ್ ಜೈಸಲನು ಜೈಸಲ್ಮೇರ್ ಕೋಟೆಯನ್ನು ಕಟ್ಟಿಸಿದನು. ಅದರ ಗೋಡೆಗಳೂ ಗಾರೆಯಿಲ್ಲದ ಹಳದಿಕಲ್ಲಿನವೇ. ಕೆಳಗಿನ ಪಟ್ಟಣದ ವರ್ತಕರ ಹವೇಲಿಗಳಲ್ಲಿಯೂ ಕಲ್ಲಿಗೆ ಕಲ್ಲು ಕಚ್ಚಿಕೊಂಡು, ಅಲ್ಲಲ್ಲಿ ಕಬ್ಬಿಣದ ಕೊಂಡಿಗಳ ಆಸರೆಯಿಂದ ನಿಂತಿದೆ. ಮರುಭೂಮಿಯಲ್ಲಿ ಗಾರೆ ಕಲಸಲು ನೀರನ್ನು ವ್ಯಯಮಾಡುವಂತಿಲ್ಲ. ಇಲ್ಲಿ ಶಿಲ್ಪದ ಸೂಕ್ಷ್ಮಕ್ಕಾಗಿ ಬಂದ ವಿಧಾನವು ಅಲ್ಲಿಯ ಬಡತನಕ್ಕೂ ಒದಗಿತು. ಆದುದರಿಂದ ಆಟದ ಇಟ್ಟಿಗೆಗಳಲ್ಲಿ ಕಟ್ಟಲು ಜೈಸಲ್ಮೇರಿಗಿಂತ ಹೊಂದುವ ನಗರ ದೊರೆಯದು. ಯೆಮನ್ ದೇಶದ ಶಿಬಾಮ್‌ನ ಎತ್ತರದ ಮಣ್ಣಿಟ್ಟಿಗೆಯ ಮನೆಗಳೂ ಇರಾನಿನ ಯಾಜ್ದ್ ನಗರದ ಗಾಳಿಗೋಪುರಗಳೂ ಸುಂದರವಾದವೇ. ಆದರೆ ಅವು ಮಣ್ಣು ಮೆತ್ತಿದ ನುಣುಪಿನ ಊರುಗಳು, ಗುಬುಟುಗಳ ಒರಟಿಗೆ ಒಗ್ಗುವುದು ಕಷ್ಟ.

ಮರುಭೂಮಿಯ ನಗರವನ್ನು ಕಟ್ಟಿರೆಂದರೆ ಮಕ್ಕಳು ಮೊದಲು ಮಾಡುವುದೇನೆಂದು ಊಹಿಸುವುದು ಕಷ್ಟವಲ್ಲ: ಒಂದು ಒಂಟೆ, ಎರಡು ಖರ್ಜೂರದ ಮರ, ಒಂದು ಎತ್ತರದ ಬುರುಜು, ಸುತ್ತಲೂ ಮರಳು. ಇದು ಚಿತ್ರಪಟದ ಮರುಭೂಮಿ. ‘ಮರು’ ಎಂಬ ಶಬ್ದವನ್ನು ಪ್ರಾಚೀನರು ಸಾಯುವುದೆಂಬರ್ಥದ ಧಾತುವಿನಿಂದ ಸಾಧಿಸಿ, ನೀರಿಲ್ಲದೆ ಪ್ರಾಣಿಗಳು ಎಲ್ಲಿ ಸಾಯುವುವೋ ಅದು ಮರು ಎಂದು ವಿವರಿಸಿದ್ದಾರೆ. ಅಂತಹ ಸ್ಥಳದಲ್ಲಿ ಸಾವಿರಾರು ಜನರು ಎಂಟು ಶತಮಾನಗಳಿಗಿಂತ ಹೆಚ್ಚು ಕಾಲ ಬಾಳಿದರೆಂದರೆ ಅಲ್ಲಿಯ ಮೊದಲ ಕಟ್ಟಡ ಕೋಟೆಯಲ್ಲ, ಕೆರೆ. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳುವ ಮಳೆ 20 ಸೆಂಟಿಮೀಟರಿಗೂ ಕಡಿಮೆ. ಹಾಸನ ಜಿಲ್ಲೆಯ ಸಕಲೇಶಪುರದಲ್ಲಿ ಅದರ ಹತ್ತರಷ್ಟನ್ನು ಮೀರುತ್ತದೆ. ಆ ಅಲ್ಪ ಮಳೆಯನ್ನು ಹಿಡಿದಿಟ್ಟದ್ದು ಊರಿನ ಅಂಚಿನ ಗಡೀಸರ್ ಎಂಬ ಕೆರೆ. ಜೈಸಲನ ಕಾಲದ ಕೆರೆಯನ್ನು ಹದಿನಾಲ್ಕನೆಯ ಶತಮಾನದಲ್ಲಿ ಮಹಾರಾವಲ್ ಗಡ್ಸಿಯು ಜೀರ್ಣೋದ್ಧಾರ ಮಾಡಿಸಿದನೆಂದೂ ಅವನಿಂದಲೇ ಅದಕ್ಕೆ ಆ ಹೆಸರು ಬಂದಿತೆಂದೂ ಹೇಳುತ್ತಾರೆ. ಹೊಯ್ಸಳರ ರಾಜಧಾನಿಗೂ ಕೆರೆಯಿಂದಲೇ ದೋರಸಮುದ್ರವೆಂಬ ಹೆಸರು ಬಂದುದನ್ನು ಇಲ್ಲಿ ನೆನೆಯಬೇಕು. ಹೇಮಾವತಿಯ ನಾಲೆಗಳು ಬರುವುದಕ್ಕೆ ಮುಂಚೆ ಚನ್ನರಾಯಪಟ್ಟಣದ ಕಡೆಯ ಊರುಗಳು ಕೆರೆಯ ಏರಿಯನ್ನು ನೋಡಿಕೊಂಡೇ ಬೇಸಗೆಯನ್ನು ಕಳೆದವಾದ್ದರಿಂದ, ಆ ಭಾಗದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗದು.

ಮಾದರಿಯಲ್ಲಿಯೂ ನೀರನ್ನೇ ಮೊದಲು ಇಡತಕ್ಕದ್ದು. ಇದು ಕೇವಲ ಗೌರವದ ಮಾತಲ್ಲ, ಕೆಲಸದ ಕ್ರಮವೂ ಹೌದು. ಕೆರೆಯ ಮಟ್ಟವು ನೆಲಮಟ್ಟಕ್ಕಿಂತ ಕೆಳಗಿರಬೇಕಷ್ಟೆ. ತಳಹಲಗೆಯನ್ನು ನೇರವಾಗಿ ಮೇಜಿನ ಮೇಲೆ ಹಾಸಿ ಊರನ್ನು ಕಟ್ಟಿ ಮುಗಿಸಿದ ಮೇಲೆ ಕೆರೆಯ ನೆನಪಾದರೆ ಅದನ್ನು ತೋಡಲು ಜಾಗವೇ ಇರುವುದಿಲ್ಲ. ಆದುದರಿಂದ ಇಡೀ ನೆಲವನ್ನು ಮೂರು ಇಟ್ಟಿಗೆಯಷ್ಟು ಎತ್ತರಿಸಿ, ಕೆರೆಯ ಭಾಗವನ್ನು ಮಾತ್ರ ತಗ್ಗಾಗಿ ಬಿಟ್ಟು, ಅಲ್ಲಿ ಒಂದು ಕನ್ನಡಿಯನ್ನು ಮಲಗಿಸಬೇಕು. ಅದರ ಅಂಚಿನಿಂದ ಚಪ್ಪಟೆ ಇಟ್ಟಿಗೆಗಳಲ್ಲಿ ಸೋಪಾನಗಳನ್ನು ಎಬ್ಬಿಸಿಕೊಂಡು ಬರಬೇಕು. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳ ಗೃಹಿಣಿಯರಿಗೆ ಕನ್ನಡಿಯ ಕೊಳ ಹಳೆಯ ವಿದ್ಯೆ. ರಾಗಿಯನ್ನೋ ಸಾಸಿವೆಯನ್ನೋ ಮೊಳೆಯಿಸಿ ಗದ್ದೆ ಮಾಡಿ, ಅದರ ನಡುವೆ ಕನ್ನಡಿಯ ಚೂರನ್ನಿಟ್ಟು ಕೆರೆಯೆಂದು ತೋರಿಸುತ್ತಿದ್ದವರು ಅವರು. ಶಾಲೆಯ ಮಕ್ಕಳು ಈ ಕೆಲಸಕ್ಕೆ ಕೈಹಾಕುವ ಮೊದಲು ತಮ್ಮ ಅಜ್ಜಿಯರನ್ನು ಒಂದು ಮಾತು ಕೇಳುವುದು ಲೇಸು.

ಮುಂದಿನದು ಪ್ರಮಾಣದ ಪ್ರಶ್ನೆ. ಬಹುಮಂದಿ ಎಡವುವುದು ಇಲ್ಲಿ. ಆಟದ ಇಟ್ಟಿಗೆಯ ಮನುಷ್ಯನ ಎತ್ತರ ಸುಮಾರು 4 ಸೆಂಟಿಮೀಟರ್. ಎಂದರೆ ನಿಜವಾದ ಮನುಷ್ಯನ ನಲವತ್ತನೆಯ ಒಂದು ಭಾಗ. ಜೈಸಲ್ಮೇರ್ ಕೋಟೆಯ ಉದ್ದ ಸುಮಾರು 460 ಮೀಟರ್, ಅಗಲ 230 ಮೀಟರ್, ಗುಡ್ಡದ ಎತ್ತರ 76 ಮೀಟರ್. ಈ ಮನುಷ್ಯನಿಗೆ ತಕ್ಕಂತೆ ಕೋಟೆಯನ್ನು ಕಟ್ಟಹೊರಟರೆ ಅದರ ಉದ್ದವೇ ಹನ್ನೊಂದೂವರೆ ಮೀಟರಾಗಿ ಶಾಲೆಯ ಸಭಾಭವನವೂ ಸಾಲದೆ ಹೋದೀತು. ಹಾಗೆ ಕಟ್ಟುವವರು ಇಲ್ಲವೆಂದಲ್ಲ. ಮರುಭೂಮಿಯಲ್ಲಿಯೇ ಎದ್ದ ದುಬೈ ನಗರದಲ್ಲಿ 2016ರಲ್ಲಿ ತೆರೆದ ಆಟಿಕೆಯ ಉದ್ಯಾನದಲ್ಲಿ, ಅಲ್ಲಿಯ ಬುರ್ಜ್ ಖಲೀಫಾ ಗೋಪುರವನ್ನು ನಾಲ್ಕು ಲಕ್ಷಕ್ಕೂ ಮೀರಿದ ಇಟ್ಟಿಗೆಗಳಿಂದ ಸುಮಾರು 17 ಮೀಟರ್ ಎತ್ತರಕ್ಕೆ ನಿಲ್ಲಿಸಿದ್ದಾರೆ. ಅದು ಶ್ರೀಮಂತರ ಮಾತು. ಶಾಲೆಗೆ ಒಪ್ಪುವುದು ಐನೂರರಲ್ಲಿ ಒಂದು ಪಾಲಿನ ಪ್ರಮಾಣ. ಆಗ ಕೋಟೆಯ ಉದ್ದ 92 ಸೆಂಟಿಮೀಟರ್, ಅಗಲ 46, ಗುಡ್ಡದ ಎತ್ತರ ಸುಮಾರು 15 ಸೆಂಟಿಮೀಟರ್ ಆಗುತ್ತದೆ. ಎರಡು ಚಪ್ಪಟೆ ಇಟ್ಟಿಗೆಗಳ ಎತ್ತರವಾದ 6.4 ಮಿಲಿಮೀಟರು ಈ ಪ್ರಮಾಣದಲ್ಲಿ 3.2 ಮೀಟರಾಗಿ, ಸರಿಯಾಗಿ ಮನೆಯ ಒಂದು ಅಂತಸ್ತಿಗೆ ಹೊಂದುತ್ತದೆ. ಏಳನೆಯ ತರಗತಿಯ ಅನುಪಾತದ ಲೆಕ್ಕ ಇಷ್ಟು ಪ್ರತ್ಯಕ್ಷವಾಗಿ ಬೇರೆಲ್ಲಿ ದೊರೆತೀತು?

ಆದರೆ ಈ ಪ್ರಮಾಣದಲ್ಲಿ ಒಂದು ಗುಬುಟಿನ ಅಗಲವೇ ನಾಲ್ಕು ಮೀಟರಾಗುವುದರಿಂದ, ಎರಡು ಮೀಟರ್ ಅಗಲದ ಗಲ್ಲಿಯನ್ನೂ ಕಲ್ಲಿನ ಕೆತ್ತನೆಯ ಕಿಟಕಿಯನ್ನೂ ತೋರಿಸಲು ಬಾರದು. ಇದಕ್ಕೆ ಪರಿಹಾರವನ್ನು ಕಂಪನಿ ನಾಟಕಗಳ ರಂಗಸಜ್ಜಿಕೆಯಿಂದ ಕಲಿಯಬಹುದು. ಹಿಂದಿನ ಪರದೆಯಲ್ಲಿ ಚಿಕ್ಕದಾಗಿ ದೂರದ ಅರಮನೆ. ಎರಡು ಪಕ್ಕಗಳಲ್ಲಿ ದೊಡ್ಡದಾಗಿ ಬೀದಿಯ ಮನೆಗಳು. ಅದರಂತೆ ಕೋಟೆಯನ್ನು ಹಿಂದುಗಡೆ ಸಣ್ಣ ಪ್ರಮಾಣದಲ್ಲಿ ಕಟ್ಟಿ, ಮುಂದುಗಡೆ ಎಡಬಲಗಳಲ್ಲಿ ಎರಡು ಹವೇಲಿಗಳನ್ನು ನಲವತ್ತರಲ್ಲಿ ಒಂದರ ಪ್ರಮಾಣದಲ್ಲಿ ನಿಲ್ಲಿಸಬೇಕು. ಈ ಪ್ರಮಾಣದಲ್ಲಿ ಒಂದು ಅಂತಸ್ತಿಗೆ ಎಂಟು ಇಟ್ಟಿಗೆ ಎತ್ತರ, ಗಲ್ಲಿಗೆ ಆರು ಗುಬುಟು ಅಗಲ. ಮೂರಂತಸ್ತಿನ ಹವೇಲಿಯೇ ಕೋಟೆಯ ಗುಡ್ಡಕ್ಕಿಂತ ಎತ್ತರವಾಗುವುದರಿಂದ ಅದನ್ನು ನಡುವೆ ಇಟ್ಟರೆ ಕೋಟೆ ಮರೆಯಾದೀತು. ಪಕ್ಕದಲ್ಲಿಟ್ಟರೆ ಗಲ್ಲಿಯು ನೋಟವನ್ನು ತಾನಾಗಿ ಕೋಟೆಯೆಡೆಗೆ ಕೊಂಡೊಯ್ಯುತ್ತದೆ. ಎಲ್ಲಕ್ಕೂ ಮುಂದೆ ಕೆರೆ. ಐದು ಅಡಿ ಉದ್ದ, ಮೂರು ಅಡಿ ಅಗಲದ ಮೇಜೊಂದರ ಮೇಲೆ ಇಷ್ಟೂ ಹಿಡಿಯುತ್ತದೆ.

ಗುಡ್ಡವನ್ನು ಗಟ್ಟಿಯಾಗಿ ತುಂಬಿಸುವುದು ಅಜ್ಞಾನ. ಗುಡ್ಡದ ತಳವು 115 ಗುಬುಟು ಉದ್ದ, 57 ಗುಬುಟು ಅಗಲ. ಅದನ್ನು ಎಂಟು ಗುಬುಟಿನ ಇಟ್ಟಿಗೆಗಳಿಂದ ಹದಿನಾರು ಪದರಗಳಷ್ಟು ತುಂಬಿಸಿದರೆ ಸುಮಾರು ಹದಿಮೂರು ಸಾವಿರ ಇಟ್ಟಿಗೆಗಳು ಬೇಕು. ಎರಡು ಗುಬುಟು ದಪ್ಪದ ಸುತ್ತುಗೋಡೆಯನ್ನಷ್ಟೇ ಎಬ್ಬಿಸಿದರೆ ಪದರಕ್ಕೆ 84ರಂತೆ 1,344 ಸಾಕು. ಒಳಗೆ ಛಾವಣಿಯ ಆಸರೆಗೆ ಅಲ್ಲಲ್ಲಿ ಕಂಬಗಳು. ಸುತ್ತುಗೋಡೆ ಪದರ ಪದರಕ್ಕೂ ಒಳಸರಿಯುತ್ತ ಹೋಗುವುದರಿಂದ ಇನ್ನೂ ಕೆಲವು ಉಳಿಯುತ್ತವೆ. ಸಂದಿನ ಮೇಲೆ ಸಂದು ಬೀಳಬಾರದೆಂಬ ಬೌಧಾಯನನ ನಿಯಮವನ್ನು ಇಲ್ಲಿ ಮರೆತವರ ಗುಡ್ಡವು ಪ್ರದರ್ಶನದ ದಿನ ಬೆಳಿಗ್ಗೆ ಸೀಳಿಕೊಳ್ಳುವುದು ನಿಶ್ಚಯ. ಗುಡ್ಡದ ಮೇಲೆ ಕೋಟೆಗೋಡೆ. ಅದರಲ್ಲಿ 99 ಬುರುಜುಗಳುಂಟು. ಅವುಗಳಲ್ಲಿ ಬಹುಪಾಲು ಹದಿನೇಳನೆಯ ಶತಮಾನದಲ್ಲಿ ಸೇರಿದವು. ನಾಲ್ಕು ಗುಬುಟಿನ ದುಂಡು ಇಟ್ಟಿಗೆಯೊಂದು, ಒಂದು ಗುಬುಟಿನ ಸಂದು, ಮತ್ತೊಂದು ದುಂಡು ಇಟ್ಟಿಗೆ ಎಂಬ ಕ್ರಮದಲ್ಲಿ ಇಟ್ಟುಕೊಂಡು ಹೋದರೆ ಎಣಿಕೆ ಹೆಚ್ಚುಕಡಮೆ ತಾಳೆಯಾಗುತ್ತದೆ. ಹಿಂಬದಿಯು ಯಾರಿಗೂ ಕಾಣದಾದ್ದರಿಂದ ಅದನ್ನು ಬಿಡಬಹುದು. ಹಳೇಬೀಡಿನ ಶಿಲ್ಪಿಯು ಕಾಣದ ಮೂಲೆಯನ್ನೂ ಕೆತ್ತಿದನೆಂಬುದು ನಿಜ. ಆದರೆ ಅವನಿಗೆ ಒಂದು ಬೇಸಗೆ ರಜೆಯಲ್ಲಿ ಮುಗಿಸಬೇಕೆಂಬ ಕಟ್ಟುಪಾಡು ಇರಲಿಲ್ಲ.

ಹವೇಲಿಗಳೇ ಈ ಕೆಲಸದ ರಸಸ್ಥಾನ. ಜೈಸಲ್ಮೇರಿನ ಗಲ್ಲಿಗಳು ಕಿರಿದಾಗಿ, ಡೊಂಕಾಗಿ ಏಕಿವೆ? ಎದುರುಬದುರಿನ ಗೋಡೆಗಳು ಒಂದರ ಮೇಲೊಂದು ನೆರಳು ಚೆಲ್ಲಲೆಂದು. ಬಿಸಿಗಾಳಿಯೂ ಮರಳೂ ನೇರವಾಗಿ ನುಗ್ಗದಿರಲೆಂದು. ಮನೆಗಳು ಒಂದಕ್ಕೊಂದು ಒತ್ತಿಕೊಂಡಿರುವುದೇಕೆ? ಪಕ್ಕದ ಗೋಡೆಗಳಿಗೆ ಬಿಸಿಲೇ ತಾಕದಿರಲೆಂದು. ಮೇಲಂತಸ್ತಿನ ಮೊಗಸಾಲೆಗಳು ಮುಂಚಾಚಿರುವುದು ಕೆಳಗಿನ ಗೋಡೆಗೆ ಕೊಡೆಯಾಗಲೆಂದು. 1805ರ ಸುಮಾರಿಗೆ ಆರಂಭವಾದ ಪಟುವರ ಹವೇಲಿಗಳ ಮುಖದಲ್ಲಿ ಒಂದಂಗುಲವನ್ನೂ ಬಿಡದೆ ಮಾಡಿರುವ ಕೆತ್ತನೆ ಬರಿಯ ವೈಭವಪ್ರದರ್ಶನವೆಂದು ತೋರುತ್ತದೆ. ಆದರೆ ನುಣುಪಾದ ಗೋಡೆ ಇಡಿಯಾಗಿ ಬಿಸಿಲು ಕುಡಿಯುತ್ತದೆ. ಆಳವಾಗಿ ಕೆತ್ತಿದ ಗೋಡೆ ತನ್ನ ನೆರಳನ್ನು ತನ್ನ ಮೇಲೆಯೇ ಹಾಸಿಕೊಳ್ಳುತ್ತದೆ. ಜಾಲಂಧ್ರಗಳ ಸಣ್ಣ ರಂಧ್ರಗಳು ಬೆಳಕಿನ ಉರಿಯನ್ನು ಮುರಿದು ಗಾಳಿಯನ್ನಷ್ಟೇ ಒಳಬಿಡುತ್ತವೆ. ಬೇಲೂರಿನ ದೇವಾಲಯಕ್ಕೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಸೇರಿಸಿದ ಜಾಲಂಧ್ರಗಳ ಬಳಿ ನಡುಹಗಲಿನಲ್ಲಿ ನಿಂತವರಿಗೆ ಈ ಗುಣ ಅನುಭವಕ್ಕೆ ಬಂದೇ ಇರುತ್ತದೆ.

ಇದನ್ನು ಪುಸ್ತಕದಲ್ಲಿ ಓದುವುದಕ್ಕೂ ಕಟ್ಟಿ ನೋಡುವುದಕ್ಕೂ ಅಂತರವಿದೆ. ಗಲ್ಲಿಯನ್ನು ಹನ್ನೆರಡು ಗುಬುಟು ಅಗಲವಾಗಿ ಕಟ್ಟಿ, ಮೇಲಿನಿಂದ ಒಂದು ಟಾರ್ಚನ್ನು ಓರೆಯಾಗಿ ಹಿಡಿದರೆ ಬೀದಿಯೆಲ್ಲ ಬೆಳಗುತ್ತದೆ. ಆರಕ್ಕೆ ಇಳಿಸಿದರೆ ನೆಲವು ನೆರಳಾಗಿಯೇ ಉಳಿಯುತ್ತದೆ. ಮೊಗಸಾಲೆಯನ್ನು ಎರಡು ಗುಬುಟು ಮುಂದಕ್ಕೆ ಚಾಚಿ ಟಾರ್ಚನ್ನು ಸೂರ್ಯನಂತೆ ಪೂರ್ವದಿಂದ ಪಶ್ಚಿಮಕ್ಕೆ ನಡೆಸಿದರೆ, ಕೆಳಗಿನ ಕಿಟಕಿಗೆ ದಿನದಲ್ಲಿ ಎಷ್ಟು ಹೊತ್ತು ನೆರಳಿರುವುದೆಂದು ಅಳೆಯಬಹುದು. ಹಾಸನದ ಹೊಸ ಬಡಾವಣೆಗಳಲ್ಲಿ ಸೂರಿಲ್ಲದ ಗಾಜಿನ ಮುಖದ ಮನೆಗಳನ್ನು ಕಟ್ಟಿ ಬೇಸಗೆಯಲ್ಲಿ ಬೇಯುವವರನ್ನು ನೋಡಿದ ಮಗುವಿಗೆ ಆಗ ಒಂದು ಪ್ರಶ್ನೆ ಏಳದೆ ಇರದು. ಗ್ರಂಥಾಲಯದ ಪುಸ್ತಕಗಳ ಹಣವನ್ನು ಕುರಿತ ಆಕ್ಷೇಪಕ್ಕೆ ಇದೇ ಉತ್ತರ: ಈ ಪ್ರಶ್ನೆ ಎದ್ದ ಮಗುವೇ ತಾನಾಗಿ ಗ್ರಂಥಾಲಯಕ್ಕೆ ಹೋಗುವುದು.

ಬಣ್ಣದ ವಿಷಯ ಸಂಕ್ಷಿಪ್ತ. ಒಂದೇ ಹಳದಿಯಿಂದ ಕಟ್ಟಿದರೆ ಊರು ಅರಿಸಿನದ ಮುದ್ದೆಯಂತೆ ಕಾಣುತ್ತದೆ. ತಿಳಿ ಮರಳುಬಣ್ಣ ಮುಖ್ಯವಾಗಿ, ನಾಲ್ಕರಲ್ಲೊಂದು ಪಾಲು ಗಾಢ ಮರಳುಬಣ್ಣ, ಅಲ್ಲಲ್ಲಿ ಬೂದು ಬೆರೆಯಬೇಕು. ನಿಜವಾದ ಮರಳನ್ನು ಸುರಿಯುವುದು ಬೇಡ. ಗುಬುಟುಗಳ ನಡುವೆ ಸೇರಿದ ಮರಳಿನ ಕಣವು ಇಟ್ಟಿಗೆಯ ಹಿಡಿತವನ್ನು ಶಾಶ್ವತವಾಗಿ ಕೆಡಿಸುತ್ತದೆ. ದಿಬ್ಬಗಳನ್ನು ಇಳಿಜಾರು ಇಟ್ಟಿಗೆಗಳಿಂದ, ಗಾಳಿ ಬೀಸುವ ಕಡೆ ನಿಧಾನವಾದ ಏರು, ಮರೆಯ ಕಡೆ ಕಡಿದಾದ ಇಳಿಜಾರು ಬರುವಂತೆ ಮಾಡಬೇಕು. ಈ ರೂಪವನ್ನು ಕಣ್ಣಾರೆ ನೋಡಲು ರಾಜಸ್ಥಾನಕ್ಕೇ ಹೋಗಬೇಕಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ತೊಳೆದು ಹೋಗುವ ಕಾವೇರಿಯೇ ಮುಂದೆ ತಲಕಾಡಿನಲ್ಲಿ ದೇವಾಲಯಗಳನ್ನು ಹೂಳುವಷ್ಟು ಮರಳಿನ ನಡುವೆ ಹರಿಯುತ್ತಾಳೆ.

ಇನ್ನು ದೀಪ. ದೀಪಾಲಂಕಾರವೆಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಸುಮಾರು 97,000 ಬಲ್ಬುಗಳಿಂದ ಬೆಳಗುವ ಮೈಸೂರು ಅರಮನೆ. ಅಲ್ಲಿ ಪ್ರತಿ ಅಂಚಿಗೂ ಕಮಾನಿಗೂ ಹೊರಗಿನಿಂದ ದೀಪದ ಗೆರೆ ಬರೆದಿದೆ. ಉತ್ಸವಕ್ಕೆ ಅದು ಒಪ್ಪುವ ಕ್ರಮ. ಮರುಭೂಮಿಯ ಊರಿಗೆ ಅದನ್ನೇ ಅನುಕರಿಸಿ ಸೀರಿಯಲ್ ಸೆಟ್ ಸುತ್ತಿದರೆ ನೆರಳಿಗಾಗಿ ಪಟ್ಟ ಶ್ರಮವೆಲ್ಲ ಅಳಿಸಿಹೋಗುತ್ತದೆ. ಇಲ್ಲಿ ಬೆಳಕು ಒಳಗಿನಿಂದ ಬರಬೇಕು: ಹಗಲಿನಲ್ಲಿ ಬಿಸಿಲನ್ನು ತಡೆದ ಅದೇ ಜಾಲಂಧ್ರವು ಸಂಜೆ ಮನೆಯೊಳಗಿನ ದೀಪವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಗಲ್ಲಿಗೆ ಚೆಲ್ಲಬೇಕು. ಎಲ್ಲ ಕಿಟಕಿಗಳೂ ಬೆಳಗಕೂಡದು. ಮೂರರಲ್ಲಿ ಒಂದು ಸಾಕು. ಉಳಿದ ಎರಡರ ಕತ್ತಲೆಯಿಂದಲೇ ಆ ಒಂದಕ್ಕೆ ಬೆಲೆ.

ಹಳೆಯ ಕಾಲದ ಬಿಸಿಯಾಗುವ ಬಲ್ಬುಗಳನ್ನು ಇಟ್ಟಿಗೆಯ ಬಳಿ ತರಲೇಬಾರದು. ಪ್ಲಾಸ್ಟಿಕ್ ಮೆತ್ತಗಾಗಿ ಆಕಾರಗೆಡುತ್ತದೆ. ಎಲ್.ಇ.ಡಿ. ಎಂಬ ಸಣ್ಣ ದೀಪಗಳಲ್ಲಿ ಅರಿಸಿನಬೆಳಕಿನವನ್ನು ಆರಿಸಿಕೊಳ್ಳಬೇಕು. ಗೋಡೆಯ ವಿದ್ಯುತ್ತನ್ನು ಮಕ್ಕಳು ನೇರವಾಗಿ ಮುಟ್ಟುವಂತಿಲ್ಲ. ಮೊಬೈಲ್ ಫೋನಿನ 5 ವೋಲ್ಟಿನ ಚಾರ್ಜರೊಂದು ಸಾಕು. ದೀಪವೊಂದು ಸುಮಾರು 3 ವೋಲ್ಟನ್ನು ತೆಗೆದುಕೊಳ್ಳುತ್ತದೆ. ಉಳಿದ 2 ವೋಲ್ಟನ್ನು ತಡೆಯಲು, 10 ಮಿಲಿಆಂಪಿಯರ್ ಹರಿವಿಗೆ 200 ಓಮಿನ ರೋಧಕ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 220 ಓಮಿನದನ್ನು ಹಾಕಬಹುದು. ಪ್ರತಿ ದೀಪಕ್ಕೂ ಅದರದೇ ರೋಧಕವಿಟ್ಟು, ಎಲ್ಲವನ್ನೂ ಸಮಾಂತರವಾಗಿ ಜೋಡಿಸತಕ್ಕದ್ದು. ಇಪ್ಪತ್ತು ದೀಪಗಳಿಗೆ ಒಟ್ಟು 200 ಮಿಲಿಆಂಪಿಯರ್ ಆಯಿತು; ಚಾರ್ಜರಿಗೆ ಅದು ಹೊರೆಯಲ್ಲ. ಒಂದು ದೀಪ ಕೆಟ್ಟರೂ ಉಳಿದವು ಉರಿಯುತ್ತವೆ. ತಂತಿಗಳನ್ನು ಗುಡ್ಡದ ಟೊಳ್ಳಿನಲ್ಲಿಯೂ ಎತ್ತರಿಸಿದ ನೆಲದ ಅಡಿಯಲ್ಲಿಯೂ ಹಾಯಿಸಬಹುದು. ಕೆರೆಗಾಗಿ ನೆಲವನ್ನೆತ್ತಿದ್ದು ಇಲ್ಲಿ ಎರಡನೆಯ ಸಲ ಉಪಯೋಗಕ್ಕೆ ಬಂತು.

ಒಂದು ತೊಡಕು ಮಾತ್ರ ಮೊದಲ ಬಾರಿಗೆ ಕಟ್ಟುವವರೆಲ್ಲರನ್ನೂ ಕಾಡುತ್ತದೆ. ತಿಳಿಬಣ್ಣದ ಇಟ್ಟಿಗೆಗಳ ಮೂಲಕ ಬೆಳಕು ಸೋರಿ, ಕಿಟಕಿಯ ಬದಲು ಇಡೀ ಗೋಡೆಯೇ ಕಾಗದದ ಗೂಡುದೀಪದಂತೆ ಬೆಳಗಿಬಿಡುತ್ತದೆ. ಆಗ ಕಲ್ಲಿನ ಮನೆಯೆಂಬ ಭ್ರಮೆ ಅಳಿಯುತ್ತದೆ. ಗೋಡೆಯ ಒಳಮೈಗೆ ಕಪ್ಪು ಇಟ್ಟಿಗೆಯ ಇನ್ನೊಂದು ಪದರವನ್ನು ಕಟ್ಟಿದರೆ ಸೋರಿಕೆ ನಿಲ್ಲುತ್ತದೆ. ಕಾಣದಿರುವ ಕಪ್ಪು ಗೋಡೆಗೆ ಇಷ್ಟೊಂದು ಇಟ್ಟಿಗೆ ಏಕೆಂದು ಮಕ್ಕಳು ಕೇಳುವರು. ದೀಪ ಹಚ್ಚಿ ತೋರಿಸಿದರೆ ಸುಮ್ಮನಾಗುವರು. ಕೊಠಡಿಯ ದೀಪಗಳನ್ನು ಆರಿಸಿ, ಊರಿನ ದೀಪಗಳನ್ನು ಹೊತ್ತಿಸಿದಾಗ ಮುಂದಿನ ಕನ್ನಡಿಯಲ್ಲಿ ಕಿಟಕಿಗಳೂ ಕೋಟೆಯ ಅಂಚೂ ತಲೆಕೆಳಗಾಗಿ ಮೂಡುತ್ತವೆ. ಕೆರೆಯಿಲ್ಲದ ಮಾದರಿಯಲ್ಲಿ ದೀಪಗಳು ಇಪ್ಪತ್ತೇ, ಕೆರೆಯುಳ್ಳದರಲ್ಲಿ ನಲವತ್ತು.

ಮಾದರಿಯ ಪಕ್ಕದಲ್ಲಿ ನಿಂತು ವಿವರಿಸುವ ವಿದ್ಯಾರ್ಥಿಯು ಒಂದು ವಿಷಯವನ್ನು ಬಿಡದೆ ಹೇಳಬೇಕು. ಜೈಸಲ್ಮೇರ್ ಕೋಟೆಯೊಳಗೆ ಇಂದಿಗೂ ಜನವಸತಿಯಿದೆ. ನೀರನ್ನು ಬಿಂದಿಗೆಯಲ್ಲಿ ಹೊತ್ತು ತಂದು ಹನಿಹನಿಯನ್ನೂ ಲೆಕ್ಕವಿಟ್ಟು ಬಳಸುತ್ತಿದ್ದ ಕಾಲಕ್ಕೆ ಕಟ್ಟಿದ ಕೋಟೆ ಅದು. ಇಪ್ಪತ್ತನೆಯ ಶತಮಾನದಲ್ಲಿ ನಲ್ಲಿಯ ನೀರು ಬಂದಿತು; ಪ್ರವಾಸಿಗರು ಹೆಚ್ಚಿದರು, ವಸತಿಗೃಹಗಳು ಎದ್ದವು; ಬಳಸಿ ಬಿಟ್ಟ ನೀರು ಹೊರಹೋಗಲು ತಕ್ಕ ಚರಂಡಿಯಿಲ್ಲದೆ ಗುಡ್ಡದೊಳಕ್ಕೆ ಇಂಗತೊಡಗಿತು. ಗುಡ್ಡದ ಮಣ್ಣು ನೆನೆದು ಸಡಿಲವಾಗಿ, 1990ರ ದಶಕದ ಕೊನೆಯ ವರ್ಷಗಳಲ್ಲಿ ಕೋಟೆಯ ಭಾಗಗಳು ಕುಸಿದವು. ಅಪಾಯದಲ್ಲಿರುವ ಸ್ಮಾರಕಗಳ ಅಂತರರಾಷ್ಟ್ರೀಯ ಪಟ್ಟಿಗೆ ಅದು 1996ರಲ್ಲಿಯೇ ಸೇರಿತ್ತು. 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ವಿಶ್ವ ಪರಂಪರೆಯ ತಾಣವಾಯಿತು. ಶತಮಾನಗಳ ಬಿಸಿಲು, ಮುತ್ತಿಗೆ, ಮರಳುಗಾಳಿಗಳನ್ನು ತಡೆದ ಗಾರೆಯಿಲ್ಲದ ಗೋಡೆಯು ನೀರಿನ ಬರದಿಂದಲ್ಲ, ನೀರಿನ ಅಜಾಗರೂಕತೆಯಿಂದ ಜರಿಯಿತು. ಮಾದರಿಯ ಗುಡ್ಡದ ಬುಡದಿಂದ ನಾಲ್ಕು ಇಟ್ಟಿಗೆಗಳನ್ನು ಮೆಲ್ಲನೆ ಕಳಚಿ ಬುರುಜು ವಾಲುವುದನ್ನು ತೋರಿಸಿದರೆ, ಈ ಮಾತು ನೋಡಿದವರ ಮನಸ್ಸಿನಲ್ಲಿ ನಿಲ್ಲುತ್ತದೆ. ಇದನ್ನು ಪ್ರದರ್ಶನದ ಕೊನೆಯ ದಿನದಂದೇ ಮಾಡುವುದು ಕ್ಷೇಮ.

ದಾನಿಗಳಿಗೆ ಒಂದು ಬಿನ್ನಹ. ಪೆಟ್ಟಿಗೆಯ ಮೇಲೆ ಚಿತ್ರವಿದ್ದು, ಒಳಗೆ ಕೈಪಿಡಿಯಿದ್ದು, ಒಂದೇ ವಸ್ತುವನ್ನು ಕಟ್ಟಲು ಮಾತ್ರ ಬರುವ ಬೆಲೆಬಾಳುವ ಸೆಟ್ಟುಗಳಿಗಿಂತ ಮರಳುಬಣ್ಣದ, ಬೂದುಬಣ್ಣದ, ಕಪ್ಪು ಬಣ್ಣದ ಬಿಡಿ ಇಟ್ಟಿಗೆಗಳು ಶಾಲೆಗೆ ಹೆಚ್ಚು ಉಪಯುಕ್ತ. ಕೈಪಿಡಿಯನ್ನು ನೋಡಿ ಕಟ್ಟುವುದು ಮಗ್ಗಿ ಒಪ್ಪಿಸಿದಂತೆ. ಅದು ಬೇಡವೆಂದಲ್ಲ, ಆದರೆ ಅಲ್ಲಿಗೇ ನಿಲ್ಲಬಾರದು. ಬೇರೆ ಬೇರೆ ತಯಾರಕರ ಇಟ್ಟಿಗೆಗಳನ್ನು ಕೊಳ್ಳುವಾಗ ಒಂದಕ್ಕೊಂದು ಕೂಡುವುದೇ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸತಕ್ಕದ್ದು. ಕೂದಲೆಳೆಯಷ್ಟು ವ್ಯತ್ಯಾಸವೂ ಹದಿನಾರು ಪದರಗಳಲ್ಲಿ ಕಣ್ಣಿಗೆ ಕಾಣುವ ಓರೆಯಾಗುತ್ತದೆ. ಉಪಾಧ್ಯಾಯರು ಕೆಲಸವನ್ನು ಹಂಚುವಾಗ ಗಣಿತದಲ್ಲಿ ಮುಂದಿರುವವರಿಗೆ ಲೆಕ್ಕ, ಚಿತ್ರಕಲೆಯವರಿಗೆ ಹವೇಲಿ ಎಂದು ವಿಂಗಡಿಸುವುದುಂಟು. ಒಮ್ಮೆ ಅದನ್ನು ತಿರುವುಮುರುವು ಮಾಡಿ ನೋಡಬಹುದು.

ಪ್ರದರ್ಶನ ಮುಗಿದ ಮೇಲೆ ಊರನ್ನು ಬಿಚ್ಚುವುದೂ ಕೆಲಸದ ಒಂದು ಭಾಗ. ಮೊದಲು ವಿದ್ಯುತ್ತನ್ನು ತಪ್ಪಿಸಿ ತಂತಿಗಳನ್ನು ಹೊರತೆಗೆಯಬೇಕು. ಅಂಟಿಕೊಂಡ ಚಪ್ಪಟೆ ಇಟ್ಟಿಗೆಗಳನ್ನು ಹಲ್ಲಿನಿಂದಲೋ ಚಾಕುವಿನಿಂದಲೋ ಎಬ್ಬಬಾರದು. ಮೇಲೊಂದು ದೊಡ್ಡ ಇಟ್ಟಿಗೆಯನ್ನು ಒತ್ತಿ ಕೂರಿಸಿ ಅದನ್ನು ಸನ್ನೆಕೋಲಿನಂತೆ ಬಾಗಿಸಿದರೆ ಬಿಡುತ್ತವೆ. ಧೂಳು ಹಿಡಿದವನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಬಣ್ಣಗೆಡದಂತೆ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ ಒಣಗಿಸಿ, ಬಣ್ಣಕ್ಕೊಂದು ಡಬ್ಬಿಯಂತೆ ಎಣಿಸಿ ತುಂಬಿಡಬೇಕು. ಮಸಾಲೆ ಡಬ್ಬಿಯನ್ನು ಅಚ್ಚುಕಟ್ಟಾಗಿ ಇಡುವ ತಾಯಂದಿರ ಮಕ್ಕಳಿಗೆ ಇದು ಸುಲಭ. ಗಾರೆಯಿಲ್ಲದುದರಿಂದ ಒಂದು ಇಟ್ಟಿಗೆಯೂ ಹಾಳಾಗುವುದಿಲ್ಲ. ಬೂದು ಇಟ್ಟಿಗೆಗಳು ಇನ್ನಷ್ಟು ಕೂಡಿಬಂದರೆ ಮುಂದಿನ ವರ್ಷ ಅದೇ ಕನ್ನಡಿಯ ದಡದಲ್ಲಿ ದೋರಸಮುದ್ರವನ್ನು ಕಟ್ಟಬಹುದು.